‘ಸಂಶೋಧನೆಗೆ ಮಾತ್ರ’ ಎಂಬ ಮುಸುಕು

ಪೇಟೆಯಲ್ಲಿ ದೊರೆಯುತ್ತಿದ್ದ ಔಷಧವೊಂದು ಕಾನೂನಿನ ಬಿಗಿಯಿಂದಾಗಿ ದುರ್ಲಭವಾದಾಗ ಎರಡು ಬಗೆಯ ಜನರು ಕಷ್ಟಕ್ಕೊಳಗಾಗುತ್ತಾರೆ. ಅದನ್ನು ಸಲ್ಲದ ರೀತಿಯಲ್ಲಿ ಬಳಸುತ್ತಿದ್ದವರು ಒಂದು ಬಗೆ. ಅದರಿಂದ ನಿಜವಾದ ಪ್ರಯೋಜನವನ್ನು ಪಡೆಯುತ್ತಿದ್ದವರು ಇನ್ನೊಂದು ಬಗೆ. ಮೊದಲಿನವರು ಮಾಡಿದ ತಪ್ಪಿಗೆ ಎರಡನೆಯವರು ದಂಡ ತೆರಬೇಕಾಗಿ ಬರುವುದು ಲೋಕದಲ್ಲಿ ಹೊಸತೇನೂ ಅಲ್ಲ. ಇಬ್ಬರು ಹುಡುಗರು ಸೀಮೆಸುಣ್ಣ ಎಸೆದಾಡಿದರೆಂದು ಇಡೀ ತರಗತಿಯ ಆಟದ ಪೀರಿಯಡನ್ನು ಕಸಿದುಕೊಂಡ ಉಪಾಧ್ಯಾಯರನ್ನು ನಾವೆಲ್ಲರೂ ಕಂಡಿದ್ದೇವೆ. ಆಟದ ಪೀರಿಯಡು ನಾಳೆ ಮರಳಿ ಬಂದೀತು. ಔಷಧದ ವಿಷಯದಲ್ಲಿ ಪಣಕ್ಕಿರುವುದು ಪ್ರಾಣ.

ಅಮೆರಿಕೆಯಲ್ಲಿ ಕೆಲವು ವರ್ಷಗಳಿಂದ ಇಂತಹದೊಂದು ಪ್ರಕರಣ ನಡೆಯುತ್ತ ಬಂದಿದೆ. ‘ಸಂಶೋಧನಾ ಪೆಪ್ಟೈಡ್’ಗಳೆಂಬ ಹೆಸರಿನಲ್ಲಿ ಧಾರಾಳವಾಗಿ ಮಾರಾಟವಾಗುತ್ತಿದ್ದ ಪುಟ್ಟ ಸೀಸೆಗಳ ಮೇಲೆ ಅಲ್ಲಿನ ಸರಕಾರದ ಕಣ್ಣು ಬಿದ್ದು, ಒಂದೊಂದಾಗಿ ಬಾಗಿಲುಗಳು ಮುಚ್ಚುತ್ತಿವೆ. ದೂರದ ದೇಶದ ಈ ವ್ಯವಹಾರ ನಮಗೇಕೆಂದು ವಾಚಕರು ಕೇಳಬಹುದು. ದೇಹ ಬೆಳೆಸುವ ಹುಮ್ಮಸ್ಸಿನಿಂದ ಜಿಮ್ಮಿಗೆ ಹೋಗುವ ಹುಡುಗರು ನಮ್ಮ ಊರುಗಳಲ್ಲಿಯೂ ಇದ್ದಾರೆ; ಗಲ್ಫಿನಿಂದ ರಜೆಗೆ ಬರುವವರ ಪೆಟ್ಟಿಗೆಗಳಲ್ಲಿ ಹೊಸ ಹೊಸ ವಸ್ತುಗಳು ನಮ್ಮ ಮನೆಗಳಿಗೆ ಬರುತ್ತಿವೆ. ಅಷ್ಟೇ ಅಲ್ಲ, ಇದೇ ಜಾತಿಯ ಔಷಧವೊಂದರ ಬಗೆಗೆ ನಮ್ಮ ದೇಶದಲ್ಲಿಯೂ ದೊಡ್ಡ ವ್ಯಾಜ್ಯವೊಂದು ನಡೆದಿದೆ. ಆದುದರಿಂದ ವಿಷಯವನ್ನು ಬುಡದಿಂದ ತಿಳಿದುಕೊಳ್ಳುವುದು ಒಳ್ಳೆಯದೆಂದು ನಾವು ಭಾವಿಸುತ್ತೇವೆ.

ಸರ ಪೋಣಿಸುವ ವಿದ್ಯೆ

ಪೆಪ್ಟೈಡ್ ಎಂಬ ಹೆಸರು ಹೊಸತೆನಿಸಿದರೂ ವಸ್ತು ನಮ್ಮ ದೇಹಕ್ಕೆ ಹಳೆಯದು. ನಾವು ತಿನ್ನುವ ಬೇಳೆ, ಮೀನು, ಹಾಲುಗಳಲ್ಲಿರುವ ಪ್ರೋಟೀನು ಅಮೈನೋ ಆಮ್ಲಗಳೆಂಬ ಚಿಕ್ಕ ಘಟಕಗಳಿಂದಾದುದೆಂದು ಪ್ರೌಢಶಾಲೆಯ ಮಕ್ಕಳೂ ಬಲ್ಲರು. ಈ ಘಟಕಗಳನ್ನು ಮಣಿಗಳೆಂದು ಭಾವಿಸಿದರೆ, ಮಣಿಗಳ ಗಿಡ್ಡ ಸರವೇ ಪೆಪ್ಟೈಡ್. ಉದ್ದವಾಗಿ ಬೆಳೆದು ಮಡಿಚಿಕೊಂಡ ಸರ ಪ್ರೋಟೀನು. ಅಮೆರಿಕೆಯ ಔಷಧ ಕಾನೂನು 40 ಮಣಿಗಳವರೆಗಿನ ಸರವನ್ನು ಪೆಪ್ಟೈಡ್ ಎಂದೂ ಅದಕ್ಕಿಂತ ಉದ್ದವಾದುದನ್ನು ಪ್ರೋಟೀನು ಎಂದೂ ಲೆಕ್ಕ ಹಾಕುತ್ತದೆ. ಹೆರಿಗೆಯ ವೇಳೆ ಗರ್ಭಕೋಶವನ್ನು ಸಂಕುಚಿತಗೊಳಿಸುವ ಆಕ್ಸಿಟೋಸಿನಿನಲ್ಲಿ 9 ಮಣಿಗಳಿವೆ. ಮಧುಮೇಹಕ್ಕೂ ಅತಿಯಾದ ಸ್ಥೂಲಕಾಯಕ್ಕೂ ಕೊಡುವ ಸೆಮಾಗ್ಲುಟೈಡಿನಲ್ಲಿ 31, ಟಿರ್ಜೆಪಟೈಡಿನಲ್ಲಿ 39, ಇನ್ಸುಲಿನಿನಲ್ಲಿ 51 ಮಣಿಗಳಿವೆ.

ಇಂತಹ ಔಷಧಗಳಲ್ಲಿ ಶುದ್ಧತೆಯೇ ಸರ್ವಸ್ವ ಎಂಬುದಕ್ಕೆ ಇನ್ಸುಲಿನಿನ ಇತಿಹಾಸವೇ ಸಾಕ್ಷಿ. 1922ರ ಜನವರಿ 11ರಂದು ಕೆನಡಾದ ಟೊರಾಂಟೊ ನಗರದ ಆಸ್ಪತ್ರೆಯಲ್ಲಿ, ಮಧುಮೇಹದಿಂದ ಸೊರಗಿ ಸಾವಿನ ಅಂಚಿಗೆ ಬಂದಿದ್ದ ಲೆನಾರ್ಡ್ ಥಾಮ್ಸನ್ ಎಂಬ 14 ವರ್ಷದ ಬಾಲಕನಿಗೆ, ಬ್ಯಾಂಟಿಂಗ್ ಹಾಗೂ ಬೆಸ್ಟ್ ಸಿದ್ಧಪಡಿಸಿದ ಸತ್ತ್ವವನ್ನು ಚುಚ್ಚಲಾಯಿತು. ಅದು ಶುದ್ಧವಾಗಿರಲಿಲ್ಲ. ಸೂಜಿ ಚುಚ್ಚಿದ ಕಡೆ ಕೀವುಗಟ್ಟಿತು. ರಕ್ತದ ಸಕ್ಕರೆಯೂ ಹೇಳಿಕೊಳ್ಳುವಷ್ಟು ಇಳಿಯಲಿಲ್ಲ. ಅವರೊಂದಿಗಿದ್ದ ಜೇಮ್ಸ್ ಕೊಲಿಪ್ ಎಂಬ ರಸಾಯನಶಾಸ್ತ್ರಜ್ಞರು ಹಗಲಿರುಳು ದುಡಿದು ಅದನ್ನು ಶುದ್ಧಗೊಳಿಸಿದರು. ಹನ್ನೆರಡು ದಿನಗಳ ಬಳಿಕ ಜನವರಿ 23ರಂದು ಅದೇ ಬಾಲಕನಿಗೆ ಅದೇ ಔಷಧವನ್ನು ಮತ್ತೆ ಕೊಟ್ಟಾಗ ಸಕ್ಕರೆ ಇಳಿಯಿತು, ಬಾಲಕ ಚೇತರಿಸಿಕೊಂಡ. ಔಷಧ ಒಂದೇ, ರೋಗಿ ಒಬ್ಬನೇ. ನಡುವೆ ಬದಲಾದುದು ಶುದ್ಧತೆ ಮಾತ್ರ.

1953ರಲ್ಲಿ ಅಮೆರಿಕೆಯ ವಿನ್ಸೆಂಟ್ ದು ವಿನ್ಯೋ ಎಂಬವರು ಆಕ್ಸಿಟೋಸಿನನ್ನು ಪ್ರಯೋಗಾಲಯದಲ್ಲಿಯೇ ತಯಾರಿಸಿ ತೋರಿಸಿದರು. 1955ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ದೊರೆಯಿತು. 1963ರಲ್ಲಿ ಬ್ರೂಸ್ ಮೆರಿಫೀಲ್ಡ್ ಎಂಬವರು ರಾಳದ ಪುಟ್ಟ ಹರಳಿಗೆ ಮೊದಲ ಮಣಿಯನ್ನು ಅಂಟಿಸಿ, ಅದರ ಮೇಲೆ ಒಂದಾದ ಮೇಲೊಂದರಂತೆ ಉಳಿದ ಮಣಿಗಳನ್ನು ಪೋಣಿಸಿ, ಕೊನೆಗೆ ಸರವನ್ನು ಬಿಡಿಸಿಕೊಳ್ಳುವ ಸುಲಭ ವಿಧಾನವನ್ನು ಪ್ರಕಟಿಸಿದರು. ಇದಕ್ಕಾಗಿ 1984ರಲ್ಲಿ ನೊಬೆಲ್ ಪ್ರಶಸ್ತಿ ಪಡೆದರು. ಇಂತಹ ಸರಗಳು ಯಾವ ಯಾವ ಕೋನಗಳಲ್ಲಿ ಬಾಗಬಲ್ಲವು, ಯಾವ ಕೋನಗಳಲ್ಲಿ ಬಾಗಲಾರವು ಎಂಬುದನ್ನು ಲೆಕ್ಕ ಹಾಕಿ ನಕಾಶೆ ಬರೆದುಕೊಟ್ಟವರು ಎರ್ನಾಕುಳಂನಲ್ಲಿ ಹುಟ್ಟಿದ ಜಿ. ಎನ್. ರಾಮಚಂದ್ರನ್. ಮದರಾಸಿನಲ್ಲಿ ತಮ್ಮ ಸಂಗಡಿಗರೊಡನೆ 1963ರಲ್ಲಿ ಅವರು ಪ್ರಕಟಿಸಿದ ಆ ನಕಾಶೆ ಜಗತ್ತಿನಾದ್ಯಂತ ಇಂದಿಗೂ ಅವರ ಹೆಸರಿನಿಂದಲೇ ಬಳಕೆಯಲ್ಲಿದೆ. ಮುಂದೆ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಸೇವೆ ಸಲ್ಲಿಸಿದರು.

ಮೆರಿಫೀಲ್ಡರ ವಿಧಾನ ಸುಲಭವಾದರೂ ಅದರಲ್ಲೊಂದು ಸೂಕ್ಷ್ಮವಿದೆ. ಅದನ್ನು ಗಣಿತದ ಪಾಠದಂತೆ ವಿವರಿಸಬಹುದು. ಪ್ರತಿಯೊಂದು ಮಣಿಯನ್ನು ಪೋಣಿಸುವಾಗಲೂ ನೂರರಲ್ಲಿ ತೊಂಬತ್ತೊಂಬತ್ತು ಸರಗಳಲ್ಲಿ ಅದು ಸರಿಯಾಗಿ ಕೂರುತ್ತದೆ, ಒಂದರಲ್ಲಿ ತಪ್ಪುತ್ತದೆ ಎಂದಿಟ್ಟುಕೊಳ್ಳೋಣ. ಮೂವತ್ತು ಸಲ ಪೋಣಿಸಿ ಮುಗಿಸುವಷ್ಟರಲ್ಲಿ ನೂರರಲ್ಲಿ ಸುಮಾರು 74 ಸರಗಳು ಮಾತ್ರ ಸರಿಯಾಗಿ ಉಳಿಯುತ್ತವೆ. ಉಳಿದ 26ರಲ್ಲಿ ಎಲ್ಲಿಯೋ ಒಂದು ಮಣಿ ತಪ್ಪಿರುತ್ತದೆ. ಕಣ್ಣಿಗೆ ಎಲ್ಲವೂ ಒಂದೇ ಬಿಳಿಯ ಪುಡಿ. ತಪ್ಪಿದ ಸರಗಳನ್ನು ಬೇರ್ಪಡಿಸುವುದು, ರಾಸಾಯನಿಕಗಳ ಶೇಷವನ್ನು ತೆಗೆಯುವುದು, ಸೂಕ್ಷ್ಮಜೀವಿಗಳೂ ಅವುಗಳ ವಿಷವೂ ಇಲ್ಲವೆಂದು ಪರೀಕ್ಷಿಸುವುದು, ಇವೇ ಹೆಚ್ಚು ಖರ್ಚಿನ ಕೆಲಸಗಳು. ಬೆಲೆಯನ್ನು ಇಳಿಸಬಯಸುವ ಮಾರಾಟಗಾರ ಮೊದಲು ಕೈಬಿಡುವುದೂ ಇವುಗಳನ್ನೇ.

ಲೇಬಲ್ಲಿನ ಕಥೆ

ಔಷಧದ ಕಾನೂನಿನಲ್ಲಿ ಸೀಸೆಯ ಮೇಲಿನ ಒಂದೊಂದು ಮಾತಿಗೂ ಬೆಲೆಯಿದೆ. 1937ರಲ್ಲಿ ಅಮೆರಿಕೆಯ ಕಂಪೆನಿಯೊಂದು ಸಲ್ಫನಿಲಮೈಡ್ ಎಂಬ ಒಳ್ಳೆಯ ಔಷಧವನ್ನು ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷದ್ರವದಲ್ಲಿ ಕರಗಿಸಿ ‘ಎಲಿಕ್ಸಿರ್’ ಎಂಬ ಹೆಸರಿನಲ್ಲಿ ಮಾರಿತು. ನೂರಕ್ಕೂ ಹೆಚ್ಚು ಮಂದಿ ಸತ್ತರು. ಅವರಲ್ಲಿ ಮಕ್ಕಳೇ ಹಲವರು. ಮಾರುವ ಮೊದಲು ಪರೀಕ್ಷಿಸಬೇಕೆಂಬ ಕಾನೂನು ಆಗ ಇರಲಿಲ್ಲ. ಸರಕಾರವು ಆ ಸೀಸೆಗಳನ್ನು ವಶಪಡಿಸಿಕೊಳ್ಳಲು ಸಿಕ್ಕಿದ ಒಂದೇ ಆಧಾರವೆಂದರೆ, ‘ಎಲಿಕ್ಸಿರ್’ ಎಂದರೆ ಮದ್ಯಸಾರವಿರುವ ದ್ರಾವಣವೆಂದು ಅರ್ಥ, ಇದರಲ್ಲಿ ಮದ್ಯಸಾರವಿಲ್ಲ, ಆದುದರಿಂದ ಹೆಸರು ಸುಳ್ಳು ಎಂಬುದು. ಜನರನ್ನು ಕೊಂದುದಕ್ಕೆ ಹಿಡಿಯಲಾಗದ ಕಾನೂನು ಹೆಸರು ತಪ್ಪಿದುದಕ್ಕೆ ಹಿಡಿಯಿತು! ಮಾರುಕಟ್ಟೆಗೆ ಬರುವ ಮುನ್ನವೇ ಔಷಧವು ಅಪಾಯಕಾರಿಯಲ್ಲವೆಂದು ತೋರಿಸಬೇಕೆಂಬ 1938ರ ಕಾನೂನು ಹುಟ್ಟಿದುದು ಈ ದುರಂತದಿಂದ.

ಆದರೆ ಎಲ್ಲ ವಸ್ತುಗಳಿಗೂ ಪೂರ್ವಾನುಮತಿ ಬೇಕೆಂದರೆ ಹೊಸ ಔಷಧಗಳನ್ನು ಕಂಡುಹಿಡಿಯುವುದು ಹೇಗೆ? ಆದ್ದರಿಂದ ಕಾನೂನು ಒಂದು ಕಿಟಕಿಯನ್ನು ತೆರೆದಿಟ್ಟಿತು. ಪ್ರಯೋಗಾಲಯದ ಪ್ರಾಣಿಗಳ ಮೇಲೆ, ಇಲ್ಲವೇ ಗಾಜಿನ ನಳಿಗೆಯೊಳಗೆ ಪರೀಕ್ಷೆ ಮಾಡುವುದಕ್ಕಾಗಿ ಹೊಸ ವಸ್ತುಗಳನ್ನು ಕಳುಹಿಸಬಹುದು. ಆದರೆ ಮನುಷ್ಯರ ಮೇಲೆ ಬಳಸಕೂಡದೆಂದು ಲೇಬಲ್ಲಿನಲ್ಲಿ ಸ್ಪಷ್ಟವಾಗಿ ಬರೆದಿರಬೇಕು. ಇದು ವಿಜ್ಞಾನದ ಮೇಲಿನ ವಿಶ್ವಾಸದಿಂದ ಕೊಟ್ಟ ಸವಲತ್ತು.

ಈ ಕಿಟಕಿಯ ಮೂಲಕವೇ ಒಂದು ದೊಡ್ಡ ವ್ಯಾಪಾರ ಒಳನುಗ್ಗಿತು. ಅಂತರಜಾಲದ ಅಂಗಡಿಗಳು ಸೀಸೆಯ ಮೇಲೆ ‘ಸಂಶೋಧನೆಗೆ ಮಾತ್ರ, ಮನುಷ್ಯರ ಬಳಕೆಗಲ್ಲ’ ಎಂದು ಅಚ್ಚು ಹಾಕಿಸಿ, ಗಾಯ ಮಾಗುವುದು, ಮಾಂಸಖಂಡ ಬೆಳೆಯುವುದು, ಕೊಬ್ಬು ಕರಗುವುದು, ಯೌವನ ಮರಳುವುದು ಎಂದೆಲ್ಲ ಪಕ್ಕದಲ್ಲಿಯೇ ಆಸೆ ತೋರಿಸತೊಡಗಿದವು. ಇಲಿಗೆ ಯೌವನ ಮರಳಲೆಂದು ಯಾರು ತಾನೇ ಕೈಯಿಂದ ದುಡ್ಡು ಹಾಕಿ ಕೊಳ್ಳುತ್ತಾರೆ? ಮಾರುವವನಿಗೂ ಕೊಳ್ಳುವವನಿಗೂ ನಿಜ ಗೊತ್ತು. ಲೇಬಲ್ಲು ಇಬ್ಬರ ನಡುವಿನ ಮುಸುಕಾಯಿತು.

ಬಿ.ಪಿ.ಸಿ.-157 ಎಂಬುದನ್ನೇ ನೋಡೋಣ. ಇದು 15 ಮಣಿಗಳ ಸರ. ಇದರ ಬಗೆಗಿನ ಅಧ್ಯಯನಗಳಲ್ಲಿ ಹೆಚ್ಚಿನವು ಕ್ರೊಯೇಶಿಯಾದ ಝಾಗ್ರೆಬ್ ನಗರದ ಸಂಶೋಧಕರಿಂದ, ಬಹುಮಟ್ಟಿಗೆ ಇಲಿಗಳ ಮೇಲೆ ನಡೆದವು. ಗಾಯ ಹಾಗೂ ಸ್ನಾಯುರಜ್ಜುಗಳು ಬೇಗ ಮಾಗಿದವೆಂದು ಅವು ಹೇಳುತ್ತವೆ. ಮನುಷ್ಯರ ಮೇಲೆ ನಡೆದ ಪರೀಕ್ಷೆಗಳು ಅತ್ಯಲ್ಪ. ವಿಶ್ವ ಉದ್ದೀಪನ ಮದ್ದು ನಿಗ್ರಹ ಸಂಸ್ಥೆಯು 2022ರ ಜನವರಿ 1ರಿಂದ ಕ್ರೀಡಾಪಟುಗಳಿಗೆ ಇದನ್ನು ಹೆಸರಿಸಿಯೇ ನಿಷೇಧಿಸಿತು.

ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ, ಕಬಡ್ಡಿಯಲ್ಲಿ ಭುಜ ನೋಯಿಸಿಕೊಂಡವ, ಗಲ್ಫಿನಿಂದ ರಜೆಗೆ ಬಂದವನು ಇದರದೇ ಸೀಸೆಯೊಂದನ್ನು ನಮಗೆ ತೋರಿಸಿ, “ಮಾಷ್ಟ್ರೇ, ಇದನ್ನು ಹಾಕಿಸಿಕೊಂಡರೆ ನೋವು ಬೇಗ ಗುಣವಾಗುತ್ತದಂತೆ. ಹಾಕಿಸಿಕೊಳ್ಳಬಹುದೇ?” ಎಂದು ಕೇಳಿದ್ದುಂಟು. ನಾವು ವೈದ್ಯರಲ್ಲ. “ಲೇಬಲ್ಲಿನಲ್ಲಿ ಏನು ಬರೆದಿದೆ, ದೊಡ್ಡದಾಗಿ ಓದು ಮಗಾ” ಎಂದೆವು. ಅವನು ಓದಿದ. “ಮನುಷ್ಯರಿಗಲ್ಲ ಎಂದು ಬರೆದಿದೆ. ಆದರೆ ಅದು ಸುಮ್ಮನೆ ಕಾನೂನಿಗಾಗಿ ಬರೆಯುವುದಂತೆ ಮಾಷ್ಟ್ರೇ” ಎಂದ. “ಒಂದು ಮಾತನ್ನು ಸುಳ್ಳೇ ಬರೆದವನು ಅದರ ಕೆಳಗೆ ಬರೆದ ಶುದ್ಧತೆಯ ಮಾತನ್ನು ಮಾತ್ರ ನಿಜವೇ ಬರೆದಿದ್ದಾನೆಂದು ನೀನು ಹೇಗೆ ನಂಬುವೆ?” ಎಂದು ಕೇಳಿದೆವು. ಅವನು ಸೀಸೆಯನ್ನು ಜೇಬಿಗೆ ಹಾಕಿಕೊಂಡು, ಮರುದಿನ ಎಲುಬಿನ ವೈದ್ಯರನ್ನು ಕಾಣಲು ಮಂಗಳೂರಿಗೆ ಹೋದ.

ಬಾಗಿಲುಗಳು ಮುಚ್ಚಿದ ಬಗೆ

ಇನ್ನು ಸರಕಾರದ ಕ್ರಮಗಳತ್ತ ಬರೋಣ. ನಮ್ಮ ಬಾಲ್ಯದಲ್ಲಿ ಪೇಟೆಯ ವೈದ್ಯರ ಬಳಿ ಕಂಪೌಂಡರ್ ಎಂಬವರು ಇರುತ್ತಿದ್ದರು. ವೈದ್ಯರು ಬರೆದುಕೊಟ್ಟಂತೆ ಅವರು ಮಿಕ್ಸ್ಚರ್ ಕೂಡಿಸಿ, ಎಷ್ಟು ಕುಡಿಯಬೇಕೆಂದು ಬಾಟ್ಲಿಗೆ ಕಾಗದದ ಪಟ್ಟಿಯನ್ನು ಅಂಟಿಸಿ ಕೊಡುತ್ತಿದ್ದರು. ಅಮೆರಿಕೆಯಲ್ಲಿ ಈ ಪದ್ಧತಿ ಇಂದಿಗೂ ದೊಡ್ಡದಾಗಿ ಉಳಿದಿದೆ. ಕಂಪೆನಿಯ ಸಿದ್ಧ ಔಷಧ ಯಾವ ರೋಗಿಗೆ ಹೊಂದುವುದಿಲ್ಲವೋ ಅವನಿಗೆ ವೈದ್ಯರ ಚೀಟಿಯಂತೆ ಔಷಧವನ್ನು ಕೂಡಿಸಿಕೊಡುವ ಅಂಗಡಿಗಳು ಅಲ್ಲಿ ಬಹಳ. ಅನೇಕ ಪೆಪ್ಟೈಡುಗಳು ರೋಗಿಗಳಿಗೆ ದೊರೆಯುತ್ತಿದ್ದುದು ಇವುಗಳ ಮೂಲಕವೇ.

2012ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಇಂತಹದೊಂದು ಸಂಸ್ಥೆಯಲ್ಲಿ ತಯಾರಾದ, ಬೆನ್ನುನೋವಿಗೆ ಕೊಡುವ ಸ್ಟೀರಾಯ್ಡ್ ಚುಚ್ಚುಮದ್ದಿನಲ್ಲಿ ಬೂಷ್ಟು ಬೆಳೆದಿತ್ತು. 753 ಮಂದಿ ಕಾಯಿಲೆಬಿದ್ದರು. 2013ರ ವರೆಗಿನ ಸರಕಾರಿ ಲೆಕ್ಕದಂತೆ 64 ಮಂದಿ ಸತ್ತರು. ಅದೇ ವರ್ಷದ ನವೆಂಬರಿನಲ್ಲಿ ಹೊಸ ಕಾನೂನು ಬಂತು. ಕೂಡಿಸಿಕೊಡುವ ಅಂಗಡಿಗಳು ಯಾವ ಮೂಲವಸ್ತುಗಳನ್ನು ಬಳಸಬಹುದೆಂಬುದನ್ನು ಸರಕಾರ ಒಂದೊಂದಾಗಿ ಪರಿಶೀಲಿಸುವ ಕೆಲಸ ಬಿಗಿಗೊಂಡದ್ದು ಆ ಬಳಿಕ.

ಮುಂದಿನ ಹೆಜ್ಜೆಗಳು ಬೇಗ ಬೇಗನೆ ಬಿದ್ದವು. 2020ರ ಮಾರ್ಚಿನಲ್ಲಿ 40 ಮಣಿಗಳಿಗಿಂತ ಉದ್ದವಾದ ಸರಗಳೆಲ್ಲ ಜೈವಿಕ ಔಷಧಗಳ ಪಟ್ಟಿಗೆ ಸೇರಿದವು. ಬಂಜೆತನದ ಚಿಕಿತ್ಸೆಯಲ್ಲಿ ಬಳಸುವ ಎಚ್.ಸಿ.ಜಿ. ಎಂಬ ಹಾರ್ಮೋನನ್ನು ಅಂಗಡಿಗಳಲ್ಲಿ ಕೂಡಿಸಿಕೊಡುವುದು ಇದರಿಂದ ನಿಂತಿತು. 2023ರ ಸೆಪ್ಟೆಂಬರಿನಲ್ಲಿ ಎಫ್.ಡಿ.ಎ. ಎಂದು ಕರೆಯಲ್ಪಡುವ ಅಲ್ಲಿನ ಆಹಾರ ಮತ್ತು ಔಷಧ ಇಲಾಖೆಯು ಬಿ.ಪಿ.ಸಿ.-157, ಇಪಮೊರೆಲಿನ್, ಸಿ.ಜೆ.ಸಿ.-1295, ಥೈಮೊಸಿನ್ ಆಲ್ಫಾ-1 ಮೊದಲಾದ ಹಲವು ಪೆಪ್ಟೈಡುಗಳನ್ನು ಸುರಕ್ಷತೆಯ ಬಗೆಗೆ ಗಂಭೀರ ಶಂಕೆಯುಳ್ಳ ವಸ್ತುಗಳ ವರ್ಗಕ್ಕೆ ಸೇರಿಸಿತು. ತಪ್ಪಿದ ಸರಗಳ ಬೆರಕೆ, ದೇಹವು ಅವನ್ನು ಶತ್ರುವೆಂದು ಭ್ರಮಿಸಿ ತಿರುಗಿಬೀಳುವ ಸಂಭವ, ಮನುಷ್ಯರ ಮೇಲಿನ ಮಾಹಿತಿಯ ಕೊರತೆ, ಇವು ಅದು ಕೊಟ್ಟ ಕಾರಣಗಳು. 2024ರಲ್ಲಿ ಕೆಲವನ್ನು ತಜ್ಞರ ಸಲಹಾ ಸಮಿತಿಯ ಮುಂದಿಡಲಾಯಿತು. ಸಮಿತಿಯೂ ಅವುಗಳ ಪರವಾಗಿ ಮತ ಕೊಡಲಿಲ್ಲ.

ಇದೇ ವೇಳೆಗೆ ತೂಕ ಇಳಿಸುವ ಔಷಧಗಳ ಗಲಾಟೆ ಎದ್ದಿತು. 2022ರಿಂದ ಸೆಮಾಗ್ಲುಟೈಡ್ ಹಾಗೂ ಟಿರ್ಜೆಪಟೈಡಿಗೆ ಬೇಡಿಕೆ ಮಿತಿಮೀರಿ ಕೊರತೆಯುಂಟಾಯಿತು. ಕೊರತೆಯಿರುವ ತನಕ ಕೂಡಿಸಿಕೊಡುವ ಅಂಗಡಿಗಳು ಅದೇ ಔಷಧವನ್ನು ತಯಾರಿಸಲು ಕಾನೂನಿನಲ್ಲಿ ಅವಕಾಶವಿತ್ತು. ಲಕ್ಷಾಂತರ ಜನರು ಅಗ್ಗದ ಬೆಲೆಗೆ ಅಲ್ಲಿಂದ ಪಡೆದರು. ಟಿರ್ಜೆಪಟೈಡಿನ ಕೊರತೆ ಮುಗಿಯಿತೆಂದು 2024ರ ಡಿಸೆಂಬರಿನಲ್ಲಿಯೂ ಸೆಮಾಗ್ಲುಟೈಡಿನದು ಮುಗಿಯಿತೆಂದು 2025ರ ಫೆಬ್ರವರಿಯಲ್ಲಿಯೂ ಇಲಾಖೆ ಸಾರಿತು. ಮೇ ತಿಂಗಳೊಳಗೆ ಆ ಅವಕಾಶ ಕೊನೆಗೊಂಡಿತು. 2024ರ ಡಿಸೆಂಬರಿನಲ್ಲಿ ‘ಸಂಶೋಧನೆಗೆ ಮಾತ್ರ’ ಎಂಬ ಲೇಬಲ್ಲಿನಡಿ ಈ ಔಷಧಗಳನ್ನೂ, ಇನ್ನೂ ಪರೀಕ್ಷೆಯ ಹಂತದಲ್ಲಿದ್ದ ರೆಟಾಟ್ರುಟೈಡನ್ನೂ ಮಾರುತ್ತಿದ್ದ ಕೆಲವು ಸಂಸ್ಥೆಗಳಿಗೆ ಎಚ್ಚರಿಕೆಯ ಪತ್ರಗಳು ಹೋದವು. ಲೇಬಲ್ಲಿನಲ್ಲಿ ಏನೇ ಇರಲಿ, ನಿಮ್ಮ ಪ್ರಚಾರವನ್ನು ನೋಡಿದರೆ ಇದು ಮನುಷ್ಯರಿಗಾಗಿಯೇ ಎಂಬುದು ಸ್ಪಷ್ಟ ಎಂಬುದು ಆ ಪತ್ರಗಳ ತಾತ್ಪರ್ಯ. 2025ರ ಸೆಪ್ಟೆಂಬರಿನಲ್ಲಿ, ಈ ಬಗೆಯ ಔಷಧಗಳ ಮೂಲವಸ್ತುವನ್ನು ಹೊರದೇಶಗಳಿಂದ ತರಿಸುವುದರ ಮೇಲೂ ಬಂದರುಗಳಲ್ಲಿ ತಪಾಸಣೆ ಬಿಗಿಯಾಯಿತು.

ಎರಡೂ ಕಡೆಯ ವಾದ

ಈ ಕ್ರಮಗಳನ್ನು ಎಲ್ಲರೂ ಮೆಚ್ಚಲಿಲ್ಲ. ಇಲಾಖೆಯು ಪೆಪ್ಟೈಡುಗಳನ್ನು ಹತ್ತಿಕ್ಕುತ್ತಿದೆಯೆಂದು 2024ರ ಅಕ್ಟೋಬರಿನಲ್ಲಿ ಬಹಿರಂಗವಾಗಿ ಆರೋಪಿಸಿದ ರಾಬರ್ಟ್ ಕೆನಡಿ ಜೂನಿಯರ್ ಅವರೇ 2025ರ ಫೆಬ್ರವರಿಯಲ್ಲಿ ಆ ದೇಶದ ಆರೋಗ್ಯ ಖಾತೆಯ ಸಚಿವರಾದರು. ಆದುದರಿಂದ ಇಂತಹ ಪಟ್ಟಿಗಳು ಬದಲಾಗುತ್ತಲೇ ಇರುವುವೆಂಬುದನ್ನು ವಾಚಕರು ನೆನಪಿಡಬೇಕು. ರೋಗಿಗಳ ಪಕ್ಷದ ವಾದದಲ್ಲಿಯೂ ಹುರುಳಿದೆ. ಥೈಮೊಸಿನ್ ಆಲ್ಫಾ-1 ಚೀನಾ, ಇಟಲಿ ಮುಂತಾದ ದೇಶಗಳಲ್ಲಿ ಅಂಗೀಕೃತ ಔಷಧವಾಗಿದ್ದರೂ ಅಮೆರಿಕೆಯಲ್ಲಿ ಸಂಶಯದ ವರ್ಗಕ್ಕೆ ಸೇರಿತು. ಹಳೆಯ, ಪೇಟೆಂಟಿನ ಲಾಭ ದೊರೆಯದ ಸರವೊಂದನ್ನು ನೂರಾರು ಕೋಟಿ ಖರ್ಚು ಮಾಡಿ ಪರೀಕ್ಷಿಸಲು ಯಾವ ಕಂಪೆನಿ ಮುಂದೆ ಬಂದೀತು? ಪರೀಕ್ಷೆಯಿಲ್ಲವೆಂದು ಅನುಮತಿಯಿಲ್ಲ, ಅನುಮತಿಯ ಆಸೆಯಿಲ್ಲವೆಂದು ಪರೀಕ್ಷೆಯಿಲ್ಲ. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಎಂಬ ಗಾದೆಯಂತಾಯಿತು.

ಮುಂಬಾಗಿಲು ಮುಚ್ಚಿದಾಗ ಹಿಂಬಾಗಿಲಿಗೆ ಹೋಗುವವರ ಸಂಖ್ಯೆ ಹೆಚ್ಚುವುದೂ ಸುಳ್ಳಲ್ಲ. ವೈದ್ಯರ ಚೀಟಿಯಿಂದ ಪಡೆಯುತ್ತಿದ್ದವರಲ್ಲಿ ಕೆಲವರು, ಅದು ನಿಂತ ಬಳಿಕ ಇನ್ನೂ ಕೆಳಮಟ್ಟದ, ಹೆಸರಿಲ್ಲದ ಸೀಸೆಗಳತ್ತ ಹೊರಳುತ್ತಾರೆ. ಆದರೆ ಹಿಂಬಾಗಿಲಿನ ಅಪಾಯವೂ ಕಡಮೆಯದಲ್ಲ. 2025ರ ಜುಲೈಯಲ್ಲಿ ಲಾಸ್ ವೇಗಾಸ್ ನಗರದಲ್ಲಿ ದೀರ್ಘಾಯುಷ್ಯದ ಬಗೆಗೆ ನಡೆದ ಸಮ್ಮೇಳನವೊಂದರಲ್ಲಿ ಪೆಪ್ಟೈಡ್ ಚುಚ್ಚುಮದ್ದು ಪಡೆದ ಇಬ್ಬರು ಮಹಿಳೆಯರು ಉಸಿರಾಟದ ಯಂತ್ರದ ಆಸರೆ ಬೇಕಾಗುವಷ್ಟು ಅಸ್ವಸ್ಥರಾಗಿ ಆಸ್ಪತ್ರೆ ಸೇರಿದರು. ಆಯುಷ್ಯ ಹೆಚ್ಚಿಸಿಕೊಳ್ಳಲು ಹೋದವರು ಪ್ರಾಣವನ್ನು ಉಳಿಸಿಕೊಳ್ಳುವುದೇ ದೊಡ್ಡದಾಯಿತು.

ಇವೆಲ್ಲದರ ನಡುವೆ ನಿಜವಾದ ಸಂಶೋಧಕನ ಪಾಡೇನು? ವಿಶ್ವವಿದ್ಯಾಲಯದ ಪ್ರಯೋಗಾಲಯಗಳು ತಮ್ಮ ಸಂಸ್ಥೆಯ ಕಾಗದಪತ್ರಗಳೊಡನೆ, ಹೆಸರುವಾಸಿಯಾದ ರಾಸಾಯನಿಕ ಕಂಪೆನಿಗಳಿಂದ ಪೆಪ್ಟೈಡುಗಳನ್ನು ತರಿಸಿಕೊಳ್ಳಲು ಕಾನೂನಿನ ಅಡ್ಡಿಯಿಲ್ಲ. ಆದರೆ ‘ಸಂಶೋಧನೆ’ ಎಂಬ ಮಾತೇ ಸಂದೇಹದ ಮಾತಾಗಿಬಿಟ್ಟರೆ ಅವನ ಪೊಟ್ಟಣವನ್ನೂ ಬಂದರಿನ ಅಧಿಕಾರಿ ಎರಡು ಸಲ ತಿರುಗಿಸಿ ನೋಡುತ್ತಾನೆ. ಒಬ್ಬನು ಗುರುವಿನ ವೇಷ ಹಾಕಿಕೊಂಡು ಮೋಸ ಮಾಡಿದರೆ ಮಾನಹಾನಿ ಎಲ್ಲ ಗುರುಗಳಿಗೂ ತಟ್ಟುತ್ತದಲ್ಲವೇ?

ನಮ್ಮ ಹಟ್ಟಿಯವರೆಗೆ ಬಂದ ಪೆಪ್ಟೈಡ್

ಇದೇ ಪಾಠವನ್ನು ನಮ್ಮ ದೇಶವೂ ಕಲಿಯಬೇಕಾಯಿತೆಂದು ಆರಂಭದಲ್ಲಿ ಹೇಳಿದೆವಷ್ಟೆ. ಆ ಔಷಧವೇ 9 ಮಣಿಗಳ ಆಕ್ಸಿಟೋಸಿನ್. ಹೆರಿಗೆಯ ಬಳಿಕ ತಾಯಂದಿರಿಗೆ ಆಗುವ ಅತಿರಕ್ತಸ್ರಾವವನ್ನು ತಡೆಯಲು ಇದಕ್ಕೆ ಸಾಟಿಯಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಗತ್ಯ ಔಷಧಗಳ ಪಟ್ಟಿಯಲ್ಲಿ ಇದಕ್ಕೆ ಸ್ಥಾನವಿದೆ. ಆದರೆ ಹಸು ಎಮ್ಮೆಗಳಿಗೆ ಇದನ್ನು ಚುಚ್ಚಿದರೆ ಅವು ಒಡನೆ ತೊರೆಬಿಡುತ್ತವೆ. ಕರುವನ್ನು ಕಳೆದುಕೊಂಡ ಹಸುವನ್ನೂ ಕರೆಯಬಹುದೆಂಬ ದುರಾಸೆಯಿಂದ ದಿನದಿನವೂ ಸೂಜಿ ಚುಚ್ಚುವ ಕ್ರೌರ್ಯ ದೇಶದ ಹಲವೆಡೆ ಬೆಳೆಯಿತು.

ಇದನ್ನು ತಡೆಯಲೆಂದು ಕೇಂದ್ರ ಸರಕಾರವು 2018ರ ಏಪ್ರಿಲ್ 27ರಂದು ಅಧಿಸೂಚನೆಯೊಂದನ್ನು ಹೊರಡಿಸಿತು. ದೇಶದೊಳಗಿನ ಬಳಕೆಗಾಗಿ ಖಾಸಗಿ ಕಂಪೆನಿಗಳು ಆಕ್ಸಿಟೋಸಿನ್ ತಯಾರಿಸಕೂಡದು. ಸಾರ್ವಜನಿಕ ವಲಯದಲ್ಲಿ ಮಾತ್ರ ತಯಾರಾಗಬೇಕು ಎಂಬುದು ಅದರ ಆಶಯ. ಹೊರದೇಶದಿಂದ ತರಿಸುವುದನ್ನೂ ನಿಷೇಧಿಸಲಾಯಿತು. ಹೊಣೆ ಬಿದ್ದುದು ಒಂದೇ ಸಂಸ್ಥೆಯ ಮೇಲೆ: ಬೆಂಗಳೂರಿನ ಕರ್ನಾಟಕ ಆಂಟಿಬಯಾಟಿಕ್ಸ್ ಅಂಡ್ ಫಾರ್ಮಾಸ್ಯೂಟಿಕಲ್ಸ್ ಲಿಮಿಟೆಡ್. ಕನ್ನಡ ನೆಲದ ಒಂದು ಕಾರ್ಖಾನೆ ಇಡೀ ಭಾರತದ ತಾಯಂದಿರಿಗೆ ಔಷಧ ಒದಗಿಸಬೇಕೆಂಬುದು ಹೆಮ್ಮೆಯ ಮಾತೇನೋ ಹೌದು. ಆದರೆ ಒಂದೇ ಕಾರ್ಖಾನೆಯ ಯಂತ್ರ ಕೆಟ್ಟರೆ? ಎರಡರಿಂದ ಎಂಟು ಡಿಗ್ರಿಯ ತಂಪಿನಲ್ಲಿಯೇ ಇಡಬೇಕಾದ ಈ ಔಷಧ ದೂರದ ಗುಡ್ಡಗಾಡಿನ ಆಸ್ಪತ್ರೆಗೆ ತಲಪುವುದು ತಡವಾದರೆ? ಹೆರಿಗೆಯ ಕೋಣೆಯಲ್ಲಿ ರಕ್ತಸ್ರಾವ ಕಾಯುವುದಿಲ್ಲ.

ವೈದ್ಯರೂ, ಔಷಧಗಳ ಬಗೆಗೆ ಜನಪರವಾಗಿ ದುಡಿಯುವ ಸಂಘಟನೆಯೂ, ಕಂಪೆನಿಗಳೂ ಆಕ್ಷೇಪವೆತ್ತಿದರು. ಜುಲೈ 1ಕ್ಕೆಂದಿದ್ದ ಜಾರಿಯನ್ನು ಸೆಪ್ಟೆಂಬರ್ 1ಕ್ಕೆ ಮುಂದೂಡಲಾಯಿತು. ಕೊನೆಗೆ 2018ರ ಡಿಸೆಂಬರ್ 14ರಂದು ದಿಲ್ಲಿಯ ಉಚ್ಚ ನ್ಯಾಯಾಲಯವು ಅಧಿಸೂಚನೆಯನ್ನು ರದ್ದುಪಡಿಸಿತು. ಪ್ರಾಣ ಉಳಿಸುವ ಔಷಧವೊಂದು ದೊರೆಯದೆ ಹೋದರೆ ತಾಯಂದಿರಿಗಾಗುವ ಹಾನಿಯನ್ನು ಸರಕಾರ ಸರಿಯಾಗಿ ತೂಗಿ ನೋಡಲಿಲ್ಲವೆಂಬುದು ತೀರ್ಪಿನ ತಿರುಳು. ಮೇಲ್ಮನವಿ ಸುಪ್ರೀಂ ಕೋರ್ಟಿಗೆ ಹೋಗಿ, 2019ರಲ್ಲಿ ವಿಸ್ತೃತ ಪೀಠಕ್ಕೆ ಒಪ್ಪಿಸಲ್ಪಟ್ಟಿತು.

ಹಟ್ಟಿಯಲ್ಲಿ ನಡೆದ ತಪ್ಪಿಗೆ ಹೆರಿಗೆಯ ಕೋಣೆಯಲ್ಲಿ ಶಿಕ್ಷೆಯಾಗುವುದರಲ್ಲಿತ್ತು ಎಂಬುದನ್ನು ನಾವು ಗಮನಿಸಬೇಕು. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವ ಕಾನೂನು ಒಳ್ಳೆಯದಲ್ಲ. ಹಾಗೆಂದು ಸೂಜಿ ಚುಚ್ಚಿ ಹಾಲು ಕರೆದವನನ್ನು ಸುಮ್ಮನೆ ಬಿಡುವುದೂ ನ್ಯಾಯವಲ್ಲ. ಆ ಕ್ರೌರ್ಯವನ್ನು ಹಿಡಿಯಲು ಪ್ರಾಣಿಹಿಂಸೆಯನ್ನು ತಡೆಯುವ 1960ರ ಕಾನೂನು ಇದೆ. ಹಿಡಿಯಬೇಕಾದ ಕಡೆ ಹಿಡಿಯುವ ಶ್ರಮಕ್ಕಿಂತ, ಎಲ್ಲರಿಗೂ ಬಾಗಿಲು ಹಾಕುವುದು ಅಧಿಕಾರಕ್ಕೆ ಸುಲಭ.

ನಮ್ಮ ಮನೆಗಳಲ್ಲಿ

ಈ ಎರಡು ಕಥೆಗಳಿಂದ ನಾವು ಕಲಿಯತಕ್ಕದ್ದೇನು? ಮೊದಲನೆಯದಾಗಿ, ನೇರವಾದ ದಾರಿ ಕಷ್ಟದ್ದಾದರೂ ಮುಚ್ಚಿಲ್ಲ. ಬೆಂಗಳೂರಿನ ಬಯೋಕಾನ್ ಸಂಸ್ಥೆಯು ಲಿರಾಗ್ಲುಟೈಡ್ ಎಂಬ ಪೆಪ್ಟೈಡ್ ಔಷಧವನ್ನು ತಯಾರಿಸಿ, ಪರೀಕ್ಷೆಗಳನ್ನು ಮುಗಿಸಿ, 2024ರ ಮಾರ್ಚಿನಲ್ಲಿ ಬ್ರಿಟನ್ನಿನ ನಿಯಂತ್ರಣ ಸಂಸ್ಥೆಯ ಅನುಮತಿ ಪಡೆಯಿತು. ಟಿರ್ಜೆಪಟೈಡ್ 2025ರ ಮಾರ್ಚಿನಲ್ಲಿಯೂ ತೂಕ ಇಳಿಸುವ ಸೆಮಾಗ್ಲುಟೈಡ್ ಚುಚ್ಚುಮದ್ದು ಅದೇ ಜೂನಿನಲ್ಲಿಯೂ ಭಾರತದ ಮಾರುಕಟ್ಟೆಗೆ ಅನುಮತಿಯೊಡನೆಯೇ ಬಂದವು. ವೈದ್ಯರು ಅಗತ್ಯವೆಂದರೆ ಅವರ ಚೀಟಿಯಿಂದಲೇ ದೊರೆಯುವ ಔಷಧಕ್ಕೆ ಹೆಸರಿಲ್ಲದ ಸೀಸೆಯ ಹಂಗೇಕೆ?

ಎರಡನೆಯದಾಗಿ, ಮನೆಯ ಹಿರಿಯರು ಮಕ್ಕಳ ಮಾತಿಗೆ ಕಿವಿಗೊಡಬೇಕು. ಜಿಮ್ಮಿಗೆ ಹೋಗುವ ಹುಡುಗನನ್ನು ಬೈದರೆ ಅವನು ಸೀಸೆಯನ್ನು ಅಡಗಿಸುತ್ತಾನೆ. ಹತ್ತಿರ ಕೂರಿಸಿ ಕೇಳಿದರೆ ತಂದು ತೋರಿಸುತ್ತಾನೆ. ತೋರಿಸಿದಾಗ ಕೇಳಬೇಕಾದ ಪ್ರಶ್ನೆಗಳು ಮೂರೇ: ಇದನ್ನು ತಯಾರಿಸಿದವರು ಯಾರು? ಮನುಷ್ಯರ ಮೇಲೆ ಪರೀಕ್ಷಿಸಿದವರು ಯಾರು? ಹೆಚ್ಚುಕಡಮೆಯಾದರೆ ಹೊಣೆ ಹೊರುವವರು ಯಾರು? ಕಬಡ್ಡಿ, ವಾಲಿಬಾಲ್ ಪಂದ್ಯಗಳಲ್ಲಿ ಮುಂದೆ ಬರಬೇಕೆಂಬ ಮಕ್ಕಳಿಗೆ ಇನ್ನೊಂದು ಮಾತನ್ನೂ ಹೇಳಬೇಕು. ಉದ್ದೀಪನ ಮದ್ದಿನ ವಿರುದ್ಧ 2022ರಿಂದ ನಮ್ಮ ದೇಶದಲ್ಲಿಯೂ ಪ್ರತ್ಯೇಕ ಕಾನೂನಿದೆ. ಒಂದು ಸೂಜಿಯಿಂದ ವರ್ಷಗಟ್ಟಲೆಯ ಬೆವರು ನೀರಾಗಬಹುದು.

ಮೂರನೆಯ ಮಾತು ಆಳುವವರಿಗೆ. ಬಾಗಿಲು ಹಾಕುವುದು ಸರಕಾರದ ಅರ್ಧ ಕೆಲಸ ಮಾತ್ರ. ಉಪಯುಕ್ತವೆಂದು ತೋರುವ ಆದರೆ ಲಾಭವಿಲ್ಲದ ಔಷಧಗಳನ್ನು ಸಾರ್ವಜನಿಕ ಹಣದಿಂದ ಪರೀಕ್ಷಿಸಿ, ಒಳ್ಳೆಯದಾದರೆ ಅಂಗೀಕರಿಸಿ, ಕೆಟ್ಟದಾದರೆ ಜನರಿಗೆ ತಿಳಿಸಿ ಹೇಳುವುದು ಉಳಿದರ್ಧ. ಅದು ನಡೆಯದಿದ್ದರೆ ಸುಳ್ಳು ಲೇಬಲ್ಲಿನ ವ್ಯಾಪಾರ ಇನ್ನೊಂದು ಹೆಸರಿನಲ್ಲಿ ಮರಳಿ ಬರುತ್ತದೆ.

ಟೊರಾಂಟೊದ ಆ ಬಾಲಕನಿಗೆ ಮೊದಲ ಸೂಜಿಗೂ ಎರಡನೆಯ ಸೂಜಿಗೂ ನಡುವೆ ಹನ್ನೆರಡು ದಿನಗಳು ಕಳೆದವು. ಆ ದಿನಗಳಲ್ಲಿ ನಡೆದುದೇ ನಿಜವಾದ ಸಂಶೋಧನೆ. ಬಳಿಕ ಅವನು ಹದಿಮೂರು ವರ್ಷ ಬದುಕಿದ.